ಮೈದಾ ಅಂಟು, ಬೀದರಿನ ಮಣ್ಣು

ಗುರುವಾರ, ಹೊರಡುವ ಮುನ್ನ

ದಸರಾ ರಜೆಯ ಬೀದರ್ ಪ್ರವಾಸವನ್ನು ಮಕ್ಕಳು ಅಂಟಿಸಿಡಲೆಂದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಸ್ಕ್ರ್ಯಾಪ್‌ಬುಕ್ ಕೇಳಿದರೆ ಮಿರಿಮಿರಿ ಮಿನುಗುವ ರಟ್ಟಿನ, ಪುಟಪುಟಕ್ಕೂ ಬಲೂನು ಅಚ್ಚುಹಾಕಿದ ಪುಸ್ತಕ ತೆಗೆದು ಮುಂದಿಡುತ್ತಾರೆ. ಗೋವೆಗೆ ಹೋದರೂ ಅದೇ ಬಲೂನು, ಗಾಣಗಾಪುರಕ್ಕೆ ಹೋದರೂ ಅದೇ ಬಲೂನು. ಅದು ಬೇಡವೆಂದು ಲೆಕ್ಕ ಬರೆಯುವ ಉದ್ದನೆಯ ಲೆಜರ್ ಒಂದನ್ನು ಕೊಂಡುಕೊಂಡೆ. ಗಟ್ಟಿ ರಟ್ಟು, ದಾರದಲ್ಲಿ ಹೊಲಿದ ಬೆನ್ನು, ದಪ್ಪ ಹಾಳೆ. ಮನೆಗೆ ಬಂದು ಒಂದು ಹಾಳೆ ಬಿಟ್ಟು ಒಂದನ್ನು, ಬುಡದಲ್ಲಿ ಬೆರಳಗಲ ಉಳಿಸಿ, ಕತ್ತರಿಸಿ ತೆಗೆದೆ. ಒಳ್ಳೆಯ ಪುಸ್ತಕವನ್ನು ಹಾಳು ಮಾಡುತ್ತಿದ್ದೇನೆ ಎಂದು ಮನೆಯವರು ಗೊಣಗಿದರು. ಆದರೆ ಎಲೆ, ಚೀಟಿ, ದಾರ, ಲಕೋಟೆ ಎಲ್ಲ ಒಳಗೆ ಸೇರಿದಾಗ ಪುಸ್ತಕದ ಹೊಟ್ಟೆ ಉಬ್ಬುತ್ತದೆ. ಆ ದಪ್ಪಕ್ಕೆ ಮೊದಲೇ ಜಾಗ ಬಿಡದಿದ್ದರೆ ಬೆನ್ನಿನ ಹೊಲಿಗೆ ಕಿತ್ತು ಬರುವುದು ಖಂಡಿತ.

ಅಂಟಿನ ಹೊಣೆ ಮುತ್ಯಾನದು. ಅವರು ನನ್ನ ಮಾವ. ಮಕ್ಕಳ ಬಾಯಿಯ ಹೆಸರೇ ಈಗ ಮನೆಯವರೆಲ್ಲರ ಬಾಯಲ್ಲಿದೆ. ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದವರು, ಟ್ಯೂಬಿನ ಅಂಟನ್ನು ಇಂದಿಗೂ ನಂಬುವುದಿಲ್ಲ. ಬನ್ನಿ ಕೊಡಲು ಬಂದವರೆಲ್ಲ ಹೋದ ಮೇಲೆ ಸ್ವತಃ ಒಲೆಯ ಮುಂದೆ ನಿಂತರು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿಟ್ಟು, ಬಿಳಿ ಹೋಗಿ ಗಾಜಿನ ಬಣ್ಣ ಬರುವ ತನಕ ಕೈಬಿಡದೆ ತಿರುವಿದರು. ಹಿಂದೆ ರಟ್ಟು ಕಟ್ಟುವವರು ಹುಳ ಹಿಡಿಯದಿರಲೆಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರಂತೆ. ಅದು ವಿಷ. ನಮ್ಮ ಸಣ್ಣವನು ಬೆರಳಿಗೆ ಹತ್ತಿದ್ದನ್ನೆಲ್ಲ ನೆಕ್ಕುವ ಪೈಕಿ. ಹಾಗಾಗಿ ನಮ್ಮ ಅಂಟು ಬರೀ ಮೈದಾ.

ಕರಾರುಗಳನ್ನು ದೊಡ್ಡವಳು ಮೊದಲ ಪುಟದಲ್ಲೇ ಬರೆದಳು. ಅವಳು ಆರನೆಯ ತರಗತಿ, ಕರಾರು ಬರೆಯುವುದೆಂದರೆ ಪ್ರೀತಿ. ದಿನದ ಪುಟ ಆ ರಾತ್ರಿಯೇ, ಊಟಕ್ಕೆ ಮೊದಲು ಮುಗಿಯಬೇಕು. ಒಬ್ಬರಿಗೆ ಒಂದು ಪುಟ. ದೊಡ್ಡವರು ಕಾಗುಣಿತ ತಿದ್ದಬಾರದು. ಫೋಟೋ ದಿನಕ್ಕೆ ಒಂದೇ, ಅದೂ ಊರಿಗೆ ಬಂದ ಮೇಲೆ. ಕೊನೆಯ ಕರಾರು ನನ್ನದು. ಮೊಬೈಲಿನಲ್ಲಿ ನೂರಾರು ಚಿತ್ರ ಇರುವಾಗ ಪುಸ್ತಕವೂ ಅದನ್ನೇ ಮಾಡುವುದಾದರೆ ಮೈದಾ ಕುದಿಸುವ ಕಷ್ಟ ಯಾಕೆ?

ಕರಾರಿನ ಕೆಳಗೆ ಹಬ್ಬದ ಬನ್ನಿ ಎಲೆಯನ್ನಿಟ್ಟರು. ಒಣಗಿದರೆ ಪುಡಿಯಾಗಿ ಉದುರುತ್ತದೆಂದು ಅದಕ್ಕೊಂದು ಪುಟ್ಟ ಲಕೋಟೆ ಮಡಚಿ ಅಂಟಿಸಿದೆವು. ಸಣ್ಣವನು ಅದರ ಮೇಲೆ "ಬಂಗಾರ" ಎಂದು ಬರೆದು, ಕಳ್ಳರು ನೋಡಿಯಾರೆಂದು ಹೊಡೆದು ಹಾಕಿದ.

ಶುಕ್ರವಾರ, ಕಲಬುರಗಿ ಕೋಟೆ

ಸ್ವಂತ ಊರು ನೋಡುವುದು ಪ್ರವಾಸವಲ್ಲ ಎಂಬುದು ದೊಡ್ಡವಳ ತಕರಾರು. ಶಾಲೆಯ ಬಸ್ಸು ದಿನವೂ ಈ ಕೋಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಒಳಗೆ ಯಾವಾಗ ಹೋಗಿದ್ದೆ ಎಂದು ಕೇಳಿದರೆ ಉತ್ತರವಿಲ್ಲ. ಅಲಾವುದ್ದೀನ್ ಹಸನ್ ಬಹಮನ್ ಶಾಹ 1347ರಲ್ಲಿ ಬಹಮನಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಮುಂದೆ ಅಹ್ಮದ್ ಶಾಹನ ಕಾಲಕ್ಕೆ ರಾಜಧಾನಿ ಬೀದರಿಗೆ ಹೋಯಿತು. ನಾವೂ ಗಂಟುಮೂಟೆ ಕಟ್ಟಿಕೊಂಡು ಅದೇ ದಾರಿ ಹಿಡಿಯುವವರು, ಹಾಗಾಗಿ ಇಲ್ಲಿಂದಲೇ ಶುರುವಾಗಬೇಕು ಎಂದು ಮುತ್ಯಾ ತೀರ್ಪು ಕೊಟ್ಟರು.

ಬುರುಜಿನ ಮೇಲಿನ ಬಾರಾ ಗಜಿ ತೋಪಿನ ಮುಂದೆ ಪುಸ್ತಕದ ಮೊದಲ ಪೇಚು ಎದುರಾಯಿತು. ಸಣ್ಣವನಿಗೆ ತೋಪು ಅಂಟಿಸಬೇಕು. ಅದರ ಚಿತ್ರವಲ್ಲ, ತೋಪನ್ನೇ. ತೋಪು 29 ಅಡಿ ಉದ್ದವಿದೆ. ಅವನ ಅಪ್ಪ ನಕ್ಕುಬಿಟ್ಟರು, ಮುತ್ಯಾ ನಗಲಿಲ್ಲ. ಅಂಗಿಯ ಜೇಬಿನಿಂದ ಹೊಲಿಗೆ ದಾರದ ಉಂಡೆ ತೆಗೆದರು. (ಆ ಜೇಬಿನಲ್ಲಿ ಸೂಜಿ, ದಾರ, ಅಡಿಕೆ ಚೂರು, ಎರಡು ರೂಪಾಯಿಯ ಚಿಲ್ಲರೆ ಯಾವಾಗಲೂ ಇರುತ್ತವೆ.) ತೋಪಿನ ಬಾಯಿಯ ಹತ್ತಿರ ದಾರದ ತುದಿ ಹಿಡಿದು ಮೊಮ್ಮಗ ನಿಂತ, ಮುತ್ಯಾ ಉಂಡೆ ಬಿಚ್ಚುತ್ತ ಹಿಂಬದಿಯ ತನಕ ನಡೆದು ಕಡಿದರು. ಸಂಜೆ ಮನೆಯಲ್ಲಿ ಅದನ್ನು ನೆಲದ ಮೇಲೆ ಬಿಚ್ಚಿದರೆ ಗೇಟಿನಿಂದ ಪಡಸಾಲೆ ದಾಟಿ ಹಿಂದಿನ ಕೋಣೆಯ ಹೊಸ್ತಿಲು ಮುಟ್ಟಿತು. ಆ ಕ್ಷಣದಲ್ಲಿ ತೋಪಿನ ಅಳತೆ ನನಗೂ ಮೊದಲ ಸಲ ಮನಸ್ಸಿಗೆ ಬಂತು. ಫಲಕದಲ್ಲಿನ ಅಂಕಿಯನ್ನು ಓದಿ ಮುಂದೆ ಹೋಗುವವಳು ನಾನು. ಸಣ್ಣವನು ದಾರವನ್ನು ರಟ್ಟಿನ ತುಂಡಿಗೆ ಸುತ್ತಿ ಲಕೋಟೆಗೆ ಹಾಕಿದ. ಮೇಲೆ ಬರೆದ ಒಕ್ಕಣೆ: "ತೋಪು ಇದರ ಒಳಗೆ ಇದೆ."

ಜಾಮಾ ಮಸೀದಿ 1367ರದು. ಪರ್ಷಿಯಾದ ಕಜ್ವೀನಿನ ರಫಿ ಎಂಬವನು ಕಟ್ಟಿದ್ದು. ಬೇರೆ ದೊಡ್ಡ ಮಸೀದಿಗಳಲ್ಲಿ ಇರುವಂತೆ ನಡುವೆ ಬಯಲು ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಮಾಡು, ಮೇಲೆ ಸಾಲುಸಾಲು ಗುಮ್ಮಟ. ಒಳಗೆ ಹೊಕ್ಕರೆ ಕುಳ್ಳಗಿನ ಅಗಲವಾದ ಕಮಾನುಗಳು, ಅವುಗಳ ಹಿಂದೆ ಇನ್ನೂ ಕಮಾನುಗಳು. ದೊಡ್ಡವಳು ಕುಳಿತು ಅವುಗಳ ಚಿತ್ರ ಬರೆಯಲು ನೋಡಿದಳು. ಬರೆದಳು, ಅಳಿಸಿದಳು, ಹಾಳೆ ಹರಿಯುವ ತನಕ ಅಳಿಸಿದಳು. ಕೊನೆಗೆ ರಾತ್ರಿ ಉದ್ದನೆಯ ಕಾಗದವನ್ನು ಬೀಸಣಿಗೆಯ ಹಾಗೆ ಮಡಚಿ ಒಂದೇ ಒಂದು ಕಮಾನು ಕತ್ತರಿಸಿ ಬಿಚ್ಚಿದಳು, ಉದ್ದಕ್ಕೂ ಸಾಲು ಕಮಾನು. ಅಂಥವು ಮೂರು ಮಾಡಿ, ದೊಡ್ಡದು ಮುಂದೆ, ಸಣ್ಣದು ಹಿಂದೆ ಬರುವಂತೆ ಬುಡ ಮಾತ್ರ ಅಂಟಿಸಿದಳು. ಪುಟ ತೆರೆದಾಗ ಕಮಾನಿನೊಳಗೆ ಕಮಾನು ಎದ್ದು ನಿಲ್ಲುತ್ತದೆ. ನಾನು ಹೇಳಿಕೊಟ್ಟದ್ದಲ್ಲ. ಹೇಳಿಕೊಡಲು ನನಗೆ ಬರುತ್ತಲೂ ಇರಲಿಲ್ಲ.

ಶನಿವಾರ, ಕಮಲಾಪುರ, ಜಲಸಂಗ್ವಿ

ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕಾರು ಹತ್ತಿದೆವು. ಊರು ದಾಟಿದರೆ ಎರಡೂ ಕಡೆ ತೊಗರಿ, ಅಲ್ಲಲ್ಲಿ ಆಗಲೇ ಹಳದಿ ಹೂ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದೆ, ಪುಸ್ತಕದಲ್ಲಿ ಅದಕ್ಕೆ ಜಾಗ ಇರಲೇಬೇಕು. ಹೊಲದ ಒಡೆಯರನ್ನು ಕೇಳಿ ಒಂದು ಟಿಸಿಲು ತೆಗೆದುಕೊಂಡೆವು. ಹೂವನ್ನು ಹಸಿಯಾಗಿ ಅಂಟಿಸಿದರೆ ಕೊಳೆತು ಎದುರಿನ ಪುಟಕ್ಕೂ ಕಲೆ ಬೀಳುತ್ತದೆ. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ ಕಾರಿನ ಸೀಟಿನ ಕೆಳಗಿಟ್ಟು, ಮೇಲೆ ಮುತ್ಯಾ ಕೂತರು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು. ಇದಕ್ಕೂ ಭೌಗೋಳಿಕ ಸೂಚ್ಯಂಕವಿದೆ. ಸಣ್ಣವನಿಗೆ ಕೆಂಪು ಸಿಪ್ಪೆ ಅಂಟಿಸುವ ಆಸೆ. ತಡೆಯಲು ಹೋಗಲಿಲ್ಲ, ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟ. ಹುಮನಾಬಾದ್ ಮುಟ್ಟುವಷ್ಟರಲ್ಲಿ ಅದು ಕಪ್ಪಗೆ ಮುದುರಿ, ಕಾರಿನ ತುಂಬ ವಾಸನೆ ಹರಡಿತ್ತು. ಯಾರೂ ಏನೂ ಹೇಳುವ ಮೊದಲೇ ತಾನೇ ಕಿಟಕಿಯಿಂದ ಎಸೆದ. ಆ ಜಾಗದಲ್ಲಿ ಕೆಂಪು ಮೇಣದ ಕಡ್ಡಿಯಲ್ಲಿ ಬಾಳೆಹಣ್ಣು ಬರೆದು, ಪಕ್ಕದಲ್ಲಿ "ತಿಂದೆವು" ಎಂದು ಸೇರಿಸಿದ.

ಜಲಸಂಗ್ವಿ ಹುಮನಾಬಾದ್ ತಾಲ್ಲೂಕಿನ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಈಶ್ವರ ಗುಡಿಯ ಹೊರಗೋಡೆಯ ಸುತ್ತಲೂ ಶಿಲಾಬಾಲಿಕೆಯರು ನಿಂತಿದ್ದಾರೆ. ಬೇಲೂರಿನ ಮದನಿಕೆಯರಿಗೆ ಇವರು ಹಿರಿಯಕ್ಕಂದಿರು ಎಂದು ಬಲ್ಲವರು ಹೇಳುತ್ತಾರೆ. ಆದರೆ ಬೇಲೂರಿನ ಜನಜಂಗುಳಿ ಇಲ್ಲಿಲ್ಲ. ನಾವು ಹೋದಾಗ ಗುಡಿಯ ಕಟ್ಟೆಯ ಮೇಲೆ ಇಬ್ಬರು ಹಿರಿಯರು, ಒಂದು ಮೇಕೆ, ಅಷ್ಟೇ. ಗೋಡೆಯ ಮೇಲೆ ಒಬ್ಬಳು ಬೆನ್ನು ತಿರುಗಿಸಿ ನಿಂತು ಹಲಗೆಯ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಹಲಗೆಯಲ್ಲಿರುವುದು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲು. ಅಕ್ಷರಗಳು ಈಗಲೂ ಕಾಣುತ್ತವೆ.

"ದಸರಾ ರಜೆಯಲ್ಲೂ ಹೋಂವರ್ಕ್ ಕೊಟ್ಟಿದ್ದಾರೆ, ಪಾಪ" ಎಂದ ಸಣ್ಣವನು.

ದೊಡ್ಡವಳು ಮಾತ್ರ ಅಲ್ಲಿಂದ ಕದಲಲಿಲ್ಲ. ಬರೆಯುವವಳನ್ನು ಬರೆಯಬೇಕು ಎಂದು ಕೂತಳು. ಸೊಂಟದ ಬಾಗು ಸರಿಯಾಗಿ ಬರಲಿಲ್ಲ, ಕೈ ಮಾತ್ರ ಚೆನ್ನಾಗಿ ಬಂತು. ಕೈ, ಬೆರಳು, ಲೇಖನಿ. ಕೊನೆಗೆ ಕೈಯನ್ನಷ್ಟೇ ಉಳಿಸಿ ಉಳಿದದ್ದನ್ನೆಲ್ಲ ಅಳಿಸಿದಳು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದು ನೋಡಿ, "ನಮ್ಮ ಊರಿನ ಹುಡುಗಿ ನಿಮಗಿಂತ ಚೆನ್ನಾಗಿ ಬರೆಯುತ್ತಾಳೆ ಬಿಡವ್ವ" ಎಂದು ಗೋಡೆಯ ಕಡೆ ಕೈ ತೋರಿಸಿದರು. ಮಗಳು ಅದನ್ನೇ ಹಾಳೆಯ ಕೆಳಗೆ ಬರೆದುಕೊಂಡಳು.

ಇಲ್ಲಿಂದ ಹೊರಡುವಾಗ ಸಣ್ಣವನಿಗೆ ಕೋಪ. ಶಾಲೆಯ ಗೆಳೆಯನ ಪುಸ್ತಕದ ತುಂಬ ಟಿಕೆಟ್ಟುಗಳೇ ಇವೆಯಂತೆ, ನಮ್ಮದರಲ್ಲಿ ಒಂದೂ ಇಲ್ಲ. ನಿಜ, ಗುಡಿಗೆ ಟಿಕೆಟ್ ಎಲ್ಲಿಂದ ಬರಬೇಕು? ಬೀದರ್ ಮುಟ್ಟುವ ತನಕ ಮುಖ ಊದಿಸಿಕೊಂಡೇ ಇದ್ದ. ರಾತ್ರಿ ತಾನೇ ಒಂದು ಚೀಟಿ ಹರಿದು "ಜಲಸಂಗ್ವಿ, ರೂ. 2" ಎಂದು ಬರೆದು, ಮೂಲೆಯಲ್ಲಿ ಪೆನ್ನಿನಿಂದ ತೂತು ಮಾಡಿ ಅಂಟಿಸಿದ. ದೊಡ್ಡವಳು ಇದು ಸುಳ್ಳು ಎಂದು ಜಗಳಕ್ಕೆ ನಿಂತಳು. ಒಬ್ಬರಿಗೆ ಒಂದು ಪುಟ ಎಂಬ ಕರಾರು ಇಲ್ಲಿ ಉಪಯೋಗಕ್ಕೆ ಬಂತು.

ಭಾನುವಾರ, ಬೀದರ್

ಬೆಳಿಗ್ಗೆ ಡಬ್ಬಿ ತೆರೆದರೆ ಅಂಟು ಹುಳಿ ವಾಸನೆ ಹೊಡೆಯುತ್ತಿತ್ತು. ಮೈದಾ ಅಂಟಿನ ಆಯುಷ್ಯ ಅಷ್ಟೇ. ಮುತ್ಯಾ ಒಲ್ಲದ ಮನಸ್ಸಿನಿಂದ ಅಂಗಡಿಯ ಗೋಂದಿನ ಬಾಟಲಿಗೆ ಒಪ್ಪಿದರು.

ಬೀದರಿನ ಕೋಟೆ ಕೆಂಪು. ಗೋಡೆ ಕೆಂಪು, ಕಾಲಡಿಯ ನೆಲ ಕೆಂಪು, ಸಂಜೆಗೆ ಮಕ್ಕಳ ಕಾಲುಚೀಲವೂ ಕೆಂಪು. ಇಲ್ಲಿನ ಮುರಕಲ್ಲು ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಬಿಗಿಯಾಗುತ್ತದೆ. ಆ ಬಂಡೆಯನ್ನೇ ಕಡಿದು ಮಾಡಿದ ಕಂದಕ ಮೂರು ಪದರದ್ದು, ನಡುವೆ ಕಡಿಯದೆ ಬಿಟ್ಟ ಬಂಡೆಯೇ ಗೋಡೆ. ಕೆಂಪು ಮಣ್ಣನ್ನು ಬೆರಳಿನಲ್ಲಿ ನೀರಿಗೆ ಕಲಸಿ ಹಾಳೆಗೆ ಬಳಿದರೆ ಒಳ್ಳೆಯ ಬಣ್ಣ ಬರುತ್ತದೆ. ಕೋಟೆಯ ಗೋಡೆಯನ್ನು ಇಬ್ಬರೂ ಅದರಿಂದಲೇ ಬಳಿದರು. ಮಣ್ಣು ತೆಗೆದದ್ದು ಹೊರಗಿನ ರಸ್ತೆಯ ಬದಿಯಲ್ಲಿ. ಇದನ್ನು ಒತ್ತಿ ಹೇಳಲು ಕಾರಣ ಮಧ್ಯಾಹ್ನ ಆದದ್ದು.

ರಂಗೀನ್ ಮಹಲನ್ನು ಸಿಬ್ಬಂದಿ ಬೀಗ ತೆಗೆದು ತೋರಿಸಿದರು. ಕೆತ್ತಿದ ಮರದ ಕಂಬಗಳು, ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಚಿಪ್ಪಿನ ಗೆರೆ ಎಷ್ಟು ಸಣ್ಣದೆಂದರೆ ಸಣ್ಣವನು ಉಗುರಿನಿಂದ ಕಲ್ಲು ಯಾವುದು ಚಿಪ್ಪು ಯಾವುದು ಎಂದು ನೋಡಲು ಹೋಗಿ ಬೈಸಿಕೊಂಡ. ಸೋಲಹ್ ಖಂಬ ಮಸೀದಿ, ಗಗನ ಮಹಲ್, ತರ್ಕಶ್ ಮಹಲ್ ಇವುಗಳನ್ನು ಬಿಸಿಲಿನಲ್ಲಿ ಬೇಗಬೇಗ ಮುಗಿಸಿದೆವು. ಮಕ್ಕಳ ಜೊತೆ ಕೋಟೆ ನೋಡುವವರು ಇಡೀ ಕೋಟೆ ನೋಡುವ ಹಟ ಬಿಡುವುದು ಒಳ್ಳೆಯದು. ಎರಡು ಜಾಗ ಕೂತು ನೋಡಿ, ಉಳಿದದ್ದನ್ನು ಮರದ ನೆರಳಿನಿಂದ ನೋಡಿ.

ಮಧ್ಯಾಹ್ನ ಮಹಮೂದ್ ಗವಾನನ ಮದರಸಾ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿಗಳ ಪ್ರಧಾನಿಯಾದವನು 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯ. ಒಳಗೆ ದೊಡ್ಡ ಪುಸ್ತಕ ಭಂಡಾರವಿತ್ತು. 1481ರಲ್ಲಿ ಸುಲ್ತಾನನ ಅಪ್ಪಣೆಯಿಂದಲೇ ಗವಾನನ ತಲೆ ಹೋಯಿತು. 1696ರಲ್ಲಿ ಕೋವಿಮದ್ದು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾಲೇ ಕುಸಿಯಿತು. ಎರಡು ಮಿನಾರುಗಳಲ್ಲಿ ಉಳಿದದ್ದು ಒಂದು. ಆ ಒಂದರ ಮೈಮೇಲೆ ನೀಲಿ, ಹಸಿರು, ಬಿಳಿ, ಹಳದಿ ಹೆಂಚಿನ ಅಂಕುಡೊಂಕು ಪಟ್ಟೆಗಳು ಅಲ್ಲಲ್ಲಿ ಉಳಿದಿವೆ. ಇಡೀ ಗೋಡೆ ಹೀಗೆ ಹೊಳೆಯುತ್ತಿದ್ದ ಕಾಲದಲ್ಲಿ ಊರ ಹೊರಗಿನಿಂದಲೇ ಕಾಣುತ್ತಿತ್ತೋ ಏನೋ.

ಹುಲ್ಲಿನ ನಡುವೆ ಸಣ್ಣವನಿಗೆ ಉಗುರಿನಷ್ಟು ನೀಲಿ ಚೂರು ಸಿಕ್ಕಿತು. ಒಂದು ಮಗ್ಗುಲು ಒರಟು ಮಣ್ಣು, ಇನ್ನೊಂದು ಮಗ್ಗುಲು ಗಾಜಿನಂಥ ನೀಲಿ. ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದ. ಇದು ಗವಾನನ ಹೆಂಚೇ, ಮೊನ್ನೆ ಯಾರೋ ಎಸೆದ ಕಪ್ಪಿನ ಚೂರೇ ಎಂದು ನಿರ್ಧರಿಸುವುದು ನನ್ನಿಂದಾಗದು. ಆದರೆ ಸಂರಕ್ಷಿತ ಸ್ಮಾರಕದಿಂದ ಹರಳಿನಷ್ಟನ್ನೂ ಒಯ್ಯುವಂತಿಲ್ಲ, ಕಾನೂನು ಹಾಗಿದೆ. ಕಾನೂನು ಇರದಿದ್ದರೂ ಐನೂರು ವರ್ಷದ ಗೋಡೆ ನಮ್ಮ ಲೆಜರಿಗೆ ಬರುವುದು ಬೇಡ. ಮಗ ಅಳಲಿಲ್ಲ, ವಾದ ಹೂಡಿದ.

"ಬಿದ್ದದ್ದಲ್ಲವೇ, ಅವ್ವ?"

"ಬಿದ್ದರೂ ಅವರದೇ."

"ಅವರು ಸತ್ತುಹೋದರಲ್ಲ."

ಇದಕ್ಕೆ ಮುತ್ಯಾ ಉತ್ತರ ಕೊಟ್ಟರು: "ಸ್ಟೇಷನ್ನಿನಲ್ಲಿ ಯಾರೋ ಮರೆತ ಕೊಡೆ ಸಿಕ್ಕರೆ ಎಲ್ಲಿ ಕೊಡುತ್ತಾರೆ?" ಸಣ್ಣವನಿಗೆ ಗೊತ್ತಿತ್ತು, ಮುತ್ಯಾನ ಕೊಡೆಯ ಕತೆಗಳು ಮನೆಯಲ್ಲಿ ಬೇಕಾದಷ್ಟಿವೆ. ಕಾವಲುಗಾರರ ಬಳಿ ಹೋಗಿ ಚೂರು ಕೊಟ್ಟ. ಅವರು ಗಂಭೀರವಾಗಿ ತೆಗೆದುಕೊಂಡು, ಬೆನ್ನು ತಟ್ಟಿ, ಹೆಸರು ಕೇಳಿದರು.

ಚೂರು ಹೋಯಿತು, ಆದರೆ ನೀಲಿ ಬೇಕು. ವಸತಿಗೃಹಕ್ಕೆ ಬಂದ ಮೇಲೆ ಕಾರಿನ ಮೂಲೆಮೂಲೆಯಿಂದ ಬಿಸ್ಕತ್ತು, ಚಾಕೊಲೇಟಿನ ಹೊಳೆಯುವ ಹೊದಿಕೆಗಳನ್ನು ಹೆಕ್ಕಿ ತಂದ. ನೀಲಿ ಒಂದು ಕಡೆ, ಹಳದಿ ಒಂದು ಕಡೆ. ಅಕ್ಕ ಅಂಕುಡೊಂಕಾಗಿ ಕತ್ತರಿಸಿಕೊಟ್ಟಳು, ತಮ್ಮ ಸಾಲಾಗಿ ಅಂಟಿಸಿದ. ನಿನ್ನೆಯ ಜಗಳ ಎಲ್ಲಿ ಹೋಯಿತೋ. ಕೆಲವು ಕಡೆ ಬೇಕೆಂದೇ ಚೂರು ಬಿಟ್ಟು ಬರೀ ಕೆಂಪು ಮಣ್ಣು ಬಳಿದ. "ಇಲ್ಲಿ ಬಿದ್ದುಹೋಗಿದೆ" ಎಂದು ಬಾಣದ ಗುರುತು ಹಾಕಿ ಬರೆದ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪುಟ ಇದು. ಒಂದು ಪಟ್ಟೆಯ ಮೇಲೆ "ನಿವ್ವಳ ತೂಕ" ಎಂಬ ಅಕ್ಷರ ಓದಲು ಬರುತ್ತದೆ.

ಸೋಮವಾರ, ಅಷ್ಟೂರು, ಝರಾ, ಬಿದ್ರಿ ಓಣಿ

ಅಷ್ಟೂರಿಗೆ ಬೆಳಿಗ್ಗೆಯೇ ಹೋದೆವು. ಊರಿನ ಹತ್ತಿರವೇ ಇದೆ. ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ಅಂಚಿನಲ್ಲಿ ಸಾಲಾಗಿ ನಿಂತಿವೆ. ಅಹ್ಮದ್ ಶಾಹ ವಲಿಯ ಗೋರಿಯ ಒಳಮಾಡಿನಲ್ಲಿ ಬಣ್ಣ, ಬಂಗಾರದ ಅಕ್ಷರಗಳು ಇನ್ನೂ ಉಳಿದಿವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕೊಂಚ ಹೊತ್ತು ಬೇಕು. ಈತನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಹಿಂದೂಗಳು ಮುಸಲ್ಮಾನರು ಸೇರಿಯೇ ನಡೆಸುತ್ತಾರೆ. ಪಕ್ಕದಲ್ಲಿ ಹುಮಾಯೂನ್ ಸುಲ್ತಾನನ ಗೋರಿ. ಸಿಡಿಲು ಬಡಿದು ಗುಮ್ಮಟ ಸೀಳಿ ಅರ್ಧವಷ್ಟೇ ನಿಂತಿದೆ. ಒಳಗಿನ ಪದರಗಳೆಲ್ಲ ಕಾಣುತ್ತ, ನಡುವೆ ಕೊಯ್ದಿಟ್ಟ ಉಳ್ಳಾಗಡ್ಡಿಯ ಹಾಗಿದೆ. ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಟ್ಟಡ ಇರಲಾರದು.

ಸಿಖ್ಖರ ಗುರುದ್ವಾರ ಗುರುನಾನಕ್ ಝರಾದಲ್ಲಿ ಕೇಸರಿ ವಸ್ತ್ರ ತಲೆಗೆ ಸುತ್ತಿಕೊಂಡು, ಬಂಡೆಯ ಬುಡದಿಂದ ಬರುವ ನೀರು ಕುಡಿದು, ಎಲ್ಲರಿಗೂ ಊಟ ಬಡಿಸುವ ಲಂಗರಿನಲ್ಲಿ ಸಾಲಾಗಿ ಕೂತು ಉಂಡೆವು. ಗುರು ಗೋವಿಂದ ಸಿಂಗರು ಖಾಲ್ಸಾ ಪಂಥ ಕಟ್ಟಿದಾಗ ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಲಂಗರಿನ ದಾಲಿನ ಹನಿಯೊಂದು ಪುಸ್ತಕದ ಮೇಲೆ ಬಿತ್ತು. ಸಣ್ಣವನು ಅದರ ಸುತ್ತ ಪೆನ್ನಿನಿಂದ ಗೋಲ ಎಳೆದು ದಿನಾಂಕ ಹಾಕಿದ. ಎಣ್ಣೆಯ ಕಲೆ ಹಿಂದಿನ ಪುಟಕ್ಕೂ ಇಳಿದಿದೆ, ಇರಲಿ.

ಝರಣಿ ನರಸಿಂಹನ ಗುಹೆಗೆ ಪುಸ್ತಕ ಒಯ್ಯುವಂತಿಲ್ಲ, ಮೊಬೈಲೂ ಬೇಡ. ಸುರಂಗದ ಉದ್ದಕ್ಕೂ ದೊಡ್ಡವರಿಗೆ ಎದೆಮಟ್ಟ ನೀರು, ಮೇಲೆ ಬಾವಲಿಗಳು. ಅಪ್ಪನ ಹೆಗಲ ಮೇಲೆ ಕೂತ ಸಣ್ಣವನು ಹೋಗುವಾಗ ಕಣ್ಣು ಮುಚ್ಚಿಕೊಂಡಿದ್ದ, ಬರುವಾಗ ಬಾವಲಿ ಎಣಿಸಿದ. ಹೊರಗೆ ಬಂದ ಮೇಲೆ ದೊಡ್ಡವಳು ಒದ್ದೆ ಜಡೆಯನ್ನು ಹಾಳೆಯ ಮೇಲೆ ಹಿಂಡಿದಳು. ಗೆರೆ ಎಳೆದ ಶಾಯಿ ಹರಡಿ ಹಾಳೆ ಸುಕ್ಕಾಗಿ ಒಣಗಿತು. ಆ ಪುಟದಲ್ಲಿ ಬೇರೇನೂ ಇಲ್ಲ.

ಸಂಜೆ ಊರ ನಡುವಿನ ಚೌಬಾರ ಗೋಪುರದ ಹತ್ತಿರದ ಓಣಿಯಲ್ಲಿ ಬಿದ್ರಿ ಕೆಲಸದವರ ಅಂಗಡಿ. 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹ್ಮದ್ ಖಾದ್ರಿ ಈ ಊರಿನವರೇ. ನಾವು ಕೂತದ್ದು ಹೆಸರಿನ ಫಲಕವೂ ಇಲ್ಲದ ಪುಟ್ಟ ಅಂಗಡಿಯಲ್ಲಿ. ಕುಶಲಕರ್ಮಿ ಮುತ್ಯಾನಿಗೆ ಮಣೆ ಕೊಟ್ಟು, ಮಕ್ಕಳಿಗೆ ಕೆಲಸದ ಮುಂದೆಯೇ ಜಾಗ ಮಾಡಿದರು. ಸತು ಹೆಚ್ಚು, ತಾಮ್ರ ಅಲ್ಪ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಅರದಿಂದ ಉಜ್ಜಿದ ತಟ್ಟೆ ಸೀಸದ ಹಾಗೆ ಮಂಕಾಗಿತ್ತು. ಅದರ ಮೇಲೆ ನೀಲಿ ನೀರಿನಲ್ಲಿ ಅದ್ದಿದ ಬಟ್ಟೆ ಸವರಿದರು. ನೋಡುತ್ತಿದ್ದಂತೆ ತಟ್ಟೆ ಕಪ್ಪಗಾಯಿತು.

"ಇದು ಏನು ಗೊತ್ತೇ? ಮೈಲುತುತ್ತ" ಎಂದರು.

"ಅಂಟಿನ ಹುಳಕ್ಕೆ ಹಾಕುವುದು!" ಎಂದು ಸಣ್ಣವನು ಕೂಗಿದ. ಕುಶಲಕರ್ಮಿಗೆ ಅರ್ಥವಾಗಲಿಲ್ಲ. ಮುತ್ಯಾ ರಟ್ಟು ಕಟ್ಟುವವರ ವಿಷಯ ಬಿಡಿಸಿ ಹೇಳಿದ ಮೇಲೆ ಇಬ್ಬರು ಮುದುಕರಿಗೂ ಮಾತು ಕೂಡಿತು.

ಕಪ್ಪು ಬಳಿಯುವುದು ಗೆರೆ ಕಾಣಲಿ ಎಂದು ಮಾತ್ರ. ಕಪ್ಪಿನ ಮೇಲೆ ಮೊನೆಯಿಂದ ಗೀಚಿದರೆ ಬಿಳಿ ಬಳ್ಳಿ ಮೂಡುತ್ತದೆ. ಆ ಗೆರೆಯನ್ನು ಉಳಿಯಿಂದ ಕೆತ್ತಿ, ಕೆತ್ತಿದ ಸಂದಿಗೆ ಬೆಳ್ಳಿಯ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಆಮೇಲೆ ಇಡೀ ತಟ್ಟೆಯನ್ನು ಉಜ್ಜಿದರೆ ಕಪ್ಪೆಲ್ಲ ಹೋಗಿ ಸತುವೂ ಬೆಳ್ಳಿಯೂ ಒಂದೇ ಬಣ್ಣ. ದಿನಗಟ್ಟಲೆ ಮಾಡಿದ ಕೆಲಸ ಆಗ ಕಣ್ಣಿಗೆ ಕಾಣುವುದೇ ಇಲ್ಲ. ಕೊನೆಗೆ ಕೋಟೆಯ ಮಣ್ಣು. ಮಳೆ ಬಿಸಿಲು ಕಾಣದ ಹಳೆಯ ಕಟ್ಟಡಗಳ ಒಳಗಿನ ಮಣ್ಣೇ ಆಗಬೇಕು, ನಾಲಗೆಗೆ ಹಚ್ಚಿ ನೋಡಿಯೇ ಆರಿಸುತ್ತಾರೆ. ಅದನ್ನು ನವಸಾಗರವೆಂಬ ಲವಣದ ಜೊತೆ ನೀರಿನಲ್ಲಿ ಕುದಿಸಿ ತಟ್ಟೆಯನ್ನು ಅದ್ದಿದರೆ ಸತು ಮಾತ್ರ ಕಡುಗಪ್ಪಾಗಿ ತಿರುಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಒರೆಸಿ ಎಣ್ಣೆ ಸವರಿದಾಗ ಬಳ್ಳಿಯೆಲ್ಲ ಒಮ್ಮೆಲೇ ಎದ್ದು ಕಂಡಿತು. ದೊಡ್ಡವಳು ಚಪ್ಪಾಳೆ ತಟ್ಟಿದಳು. ಇಲ್ಲಿ ನಿಂತು ಇದನ್ನು ನೋಡದೆ ಮಳಿಗೆಯಲ್ಲಿ ಬಿದ್ರಿ ಹೂದಾನಿ ಕೊಂಡು, ಬೆಲೆ ಹೆಚ್ಚಾಯಿತು ಎನ್ನುವವರನ್ನು ಕಂಡರೆ ಇನ್ನು ಮುಂದೆ ನನಗೆ ಸಿಟ್ಟು ಬಂದೀತು.

ಕೆತ್ತಿ ಇನ್ನೂ ಬೆಳ್ಳಿ ಕೂರಿಸದ ತಟ್ಟೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಳ್ಳಲು ಅವರೇ ಹೇಳಿದರು. ಬಳ್ಳಿ ಹಾಳೆಗೆ ಇಳಿಯಿತು. ಸಣ್ಣವನು ತಟ್ಟೆ ತೊಳೆದ ಮಣ್ಣಿನಲ್ಲಿ ಹೆಬ್ಬೆರಳು ಅದ್ದಿ ಪಕ್ಕದಲ್ಲೇ ಒತ್ತಿದ. ಕೈ ತೊಳೆಸಿದ್ದು ನಾನು, ಸೋಪು ಹಾಕಿ, ಮತ್ತೆ ಸೋಪು ಹಾಕಿ.

ಮಂಗಳವಾರ, ರೈಲು

ಮನೆಯವರು ಸಾಮಾನಿನ ಜೊತೆ ಕಾರಿನಲ್ಲಿ ಹೊರಟರು, ಉಳಿದವರು ರೈಲು ಹತ್ತಿದೆವು. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಶುರುವಾಯಿತು, ಮುತ್ಯಾ ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ. ಅವರಿಗೂ ಈ ದಾರಿ ಹೊಸದು. ಮರಗುತ್ತಿ ಹತ್ತಿರದ ಸುರಂಗ ಬಂದಾಗ ಮಕ್ಕಳಿಗಿಂತ ಮೊದಲು ಅವರೇ ಕಿಟಕಿಗೆ ಮುಖ ಹಚ್ಚಿದರು.

ಸಣ್ಣವನಿಗೆ ಕೊನೆಗೂ ನಿಜವಾದ ಟಿಕೆಟ್ ಸಿಕ್ಕಿತು. ನೋಡಿ ಬೇಸರಪಟ್ಟ. ತೆಳು ಕಾಗದ, ಮಸುಕು ಶಾಯಿ. ಮುತ್ಯಾ ಪಾಕೀಟಿನಿಂದ ಹಳೆಯದೊಂದನ್ನು ತೆಗೆದು ಅಂಗೈಯ ಮೇಲಿಟ್ಟರು. ಬೆರಳುದ್ದದ ದಪ್ಪ ರಟ್ಟಿನ ಟಿಕೆಟ್, ವಾಡಿಯಿಂದ ಗುಲ್ಬರ್ಗಾಕ್ಕೆ. ತುದಿಯಲ್ಲಿ ದಿನಾಂಕ ಒತ್ತಿದ ಗುರುತು ಬೆರಳಿಗೆ ತಗಲುತ್ತದೆ. ಯಂತ್ರದ ಬಾಯಿಗೆ ರಟ್ಟು ತೂರಿಸಿದರೆ ಟಕ್ ಎಂದು ದಿನಾಂಕ ಬೀಳುತ್ತಿತ್ತಂತೆ. ಹಬ್ಬದ ದಿನ ಸಂಜೆಗೆ ಆ ಟಕ್ ಕಿವಿಯಲ್ಲೇ ಉಳಿಯುತ್ತಿತ್ತಂತೆ. ಮುತ್ಯಾ ಅದನ್ನು ಮೊಮ್ಮಗನಿಗೆ ಕೊಟ್ಟರು. ಅಂಟಿಸಬೇಡ, ನಾಲ್ಕು ಮೂಲೆಗೆ ಕಾಗದದ ಕೊಕ್ಕೆ ಮಾಡಿ ಸಿಕ್ಕಿಸು, ಬೇಕಾದಾಗ ತೆಗೆದು ಹಿಂಬದಿ ನೋಡಬಹುದು ಎಂದರು. ಹಳೆಯ ಫೋಟೋ ಆಲ್ಬಮ್ಮುಗಳ ಉಪಾಯವೇ ಇದು.

ಬುಧವಾರ, ಮನೆ

ಊಟದ ಬಿಲ್ಲು, ಪಾರ್ಕಿಂಗ್ ಚೀಟಿಗಳನ್ನು ಮೊದಲು ಜೆರಾಕ್ಸ್ ಮಾಡಿಸಿದೆ. ಬಿಸಿಯಿಂದ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರ ವರ್ಷ ಕಳೆಯುವಷ್ಟರಲ್ಲಿ ಮಾಯವಾಗುತ್ತದೆ, ಅಸಲನ್ನು ಇಡುವುದಕ್ಕಿಂತ ನಕಲು ಇಡುವುದು ಲೇಸು. ಫೋಟೋಗಳನ್ನೂ ಆರಿಸಿದೆವು. ತೊಗರಿಯ ಹೂ ಮುತ್ಯಾನ ಭಾರಕ್ಕೆ ಚಪ್ಪಟೆಯಾಗಿ ಒಣಗಿ ಹಳದಿಯನ್ನು ಕೊಂಚ ಉಳಿಸಿಕೊಂಡಿತ್ತು.

ಮಧ್ಯಾಹ್ನ ಯಾದಗಿರಿಯಿಂದ ಕಾಕಾನ ಮಕ್ಕಳು ಬಂದರು. ಪುಸ್ತಕ ನೋಡಬೇಕೆಂದರೆ ಸಣ್ಣವನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತ. ರಟ್ಟಿನ ಚೂರುಗಳನ್ನು ಬೆರಳುದ್ದ ಕತ್ತರಿಸಿ ಆಗಲೇ ಸಿದ್ಧ ಮಾಡಿಟ್ಟಿದ್ದ. "ದೊಡ್ಡವರಿಗೆ ಐದು ರೂಪಾಯಿ, ಮಕ್ಕಳಿಗೆ ಎರಡು, ವಿದೇಶಿಯರಿಗೆ ಇನ್ನೂರು." ಯಾದಗಿರಿ ಯಾವುದರಲ್ಲಿ ಸೇರುತ್ತದೆ ಎಂಬುದರ ಮೇಲೆ ಗಲಾಟೆ ಶುರುವಾಯಿತು. ಕಾಕಾ ಐದು ರೂಪಾಯಿ ಕೊಟ್ಟು ತಾವು ಮೊದಲು ಒಳಗೆ ಹೋದರು, ಟಿಕೆಟ್ಟಿಗೆ ತೂತು ಹಾಕಿಸಿಕೊಂಡು.